ಒಂದು ತಿಂಗಳು ಹೆಚ್ಚುಕಡಿಮೆ

1758ನೆಯ ಇಸವಿ ನವೆಂಬರ್ 14ನೆಯ ತಾರೀಖು ಪ್ಯಾರಿಸ್ ನಗರದ ವಿಜ್ಞಾನ ಅಕಾಡೆಮಿಯ ಬಹಿರಂಗ ಸಭೆಯಲ್ಲಿ ಅಲೆಕ್ಸಿ ಕ್ಲೆರೋ ಎಂಬ ಗಣಿತಜ್ಞನು ಎದ್ದು ನಿಂತು ಒಂದು ಭವಿಷ್ಯ ನುಡಿದನು. ಎಪ್ಪತ್ತಾರು ವರ್ಷಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಒಂದು ಧೂಮಕೇತು ಮರಳಿ ಬರುತ್ತಿದೆ. ಬರುವ ವರ್ಷದ ಏಪ್ರಿಲ್ ತಿಂಗಳ ನಡುವಿನಲ್ಲಿ ಅದು ಸೂರ್ಯನಿಗೆ ಅತ್ಯಂತ ಸಮೀಪವಾಗಿ ಹಾಯುತ್ತದೆ. ಈ ಲೆಕ್ಕದಲ್ಲಿ ಒಂದು ತಿಂಗಳು ಹೆಚ್ಚುಕಡಿಮೆಯಾಗಬಹುದು. ಇಷ್ಟೇ ಅವನ ಮಾತಿನ ಸಾರ.

ಭವಿಷ್ಯ ಹೇಳುವವರಿಗೆ ಯಾವ ದೇಶದಲ್ಲಿಯೂ, ಯಾವ ಕಾಲದಲ್ಲಿಯೂ ಬರಗಾಲ ಬಂದುದಿಲ್ಲ. ಆದರೆ ತನ್ನ ಮಾತು ಎಷ್ಟರ ಮಟ್ಟಿಗೆ ತಪ್ಪಬಹುದೆಂಬುದನ್ನು ಮಾತಿನ ಜೊತೆಯಲ್ಲಿಯೇ ಅಳೆದು ಕೊಡುವ ಜೋಯಿಸರನ್ನು ನಾನಂತೂ ಕಂಡಿಲ್ಲ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿನಲ್ಲಿ ನಡೆದ ವೈಚಾರಿಕ ಜಾಗೃತಿಯನ್ನು ಕುರಿತು ಕಪಾಟುಗಟ್ಟಲೆ ಗ್ರಂಥಗಳಿವೆ. ಅವುಗಳಲ್ಲಿ ಕೆಲವನ್ನು ಓದಿದ ಮೇಲೆ ನನಗೆ ತೋರಿದ್ದೇನೆಂದರೆ, ಆ ಜಾಗೃತಿಯ ತಿರುಳೆಲ್ಲ ಕ್ಲೆರೋ ಹೇಳಿದ ಆ ‘ಒಂದು ತಿಂಗಳು ಹೆಚ್ಚುಕಡಿಮೆ’ಯಲ್ಲಿ ಅಡಗಿದೆ. ಆ ಮಾತು ಸಲೀಸಾಗಿ ಬಂದುದಲ್ಲ. ಅದರ ಹಿಂದೆ ನೂರು ವರ್ಷಗಳ ಕಥೆಯಿದೆ.

ಧೂಮಕೇತು ಎಂಬ ಹೆಸರೇ ನಮ್ಮಲ್ಲಿ ಅಮಂಗಳದ ಹೆಸರು. ವರಾಹಮಿಹಿರನು ಬೃಹತ್ಸಂಹಿತೆಯ ಕೇತುಚಾರದಲ್ಲಿ, ಇವುಗಳ ಉದಯಾಸ್ತಗಳು ಗಣಿತಕ್ಕೆ ನಿಲುಕುವವಲ್ಲವೆಂದು ಮೊದಲೇ ಒಪ್ಪಿಕೊಂಡು, ಅನಂತರ ಅವುಗಳ ಫಲವನ್ನು ಹೇಳುತ್ತ ಹೋಗುತ್ತಾನೆ. ಯೂರೋಪಿನಲ್ಲಿಯೂ ಭಯದ ಬೇರು ಅಲ್ಲಿಯೇ ಇತ್ತು. ಸೂರ್ಯ ಚಂದ್ರರು, ಗ್ರಹಗಳು, ಗ್ರಹಣಗಳು ಎಲ್ಲವೂ ಪಂಚಾಂಗಕ್ಕೆ ಒಳಗಾಗಿದ್ದವು. ಬಾಲಚುಕ್ಕಿ ಮಾತ್ರ ತಿಥಿ ನೋಡದೆ ಬರುವ ಅತಿಥಿ. ಹೇಳದೆ ಕೇಳದೆ ಬಂದದ್ದನ್ನು ಯಾರೋ ಕಳುಹಿಸಿರಬೇಕೆಂದು ಜನ ತಿಳಿದರೆ ಆಶ್ಚರ್ಯವೇನು? ಅರಿಸ್ಟಾಟಲನು ಇವು ಭೂಮಿಯ ಉಸಿರಿನಿಂದ ಮೇಲಕ್ಕೆದ್ದು ವಾಯುಮಂಡಲದಲ್ಲಿ ಉರಿಯುವ ವಸ್ತುಗಳೆಂದಿದ್ದನು. 1577ರಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ ಅಳತೆ ಹಾಕಿ, ಆ ವರ್ಷದ ಧೂಮಕೇತು ಚಂದ್ರನಿಗಿಂತ ಬಹಳ ಆಚೆ ಇದೆಯೆಂದು ತೋರಿಸಿಕೊಟ್ಟನು. ಆಕಾಶಕ್ಕೆ ಅದರ ವಾಸ ಬದಲಾಯಿತು. ಭಯ ಬದಲಾಗಲಿಲ್ಲ.

1680ರ ಚಳಿಗಾಲದಲ್ಲಿ ಒಂದು ಭಾರಿ ಧೂಮಕೇತು ಯೂರೋಪಿನ ಆಕಾಶವನ್ನೆಲ್ಲ ಬೆಳಗಿತು. ಆಗ ಫ್ರಾನ್ಸಿನ ಸೆದಾನ್ ಎಂಬ ಊರಿನ ಪ್ರಾಟೆಸ್ಟಂಟ್ ವಿದ್ಯಾಲಯದಲ್ಲಿ ಪಿಯೆರ್ ಬೇಲ್ ಎಂಬ ಉಪಾಧ್ಯಾಯನಿದ್ದನು. ಗಾಬರಿಗೊಂಡವರೆಲ್ಲ ಇವನ ಬಳಿಗೆ ಬಂದು ‘ಏನು ಕಾದಿದೆ?’ ಎಂದು ಕೇಳತೊಡಗಿದರು. ಉತ್ತರ ಹೇಳಲು ಕುಳಿತವನು ಒಂದು ಗ್ರಂಥವನ್ನೇ ಬರೆದುಬಿಟ್ಟನು. ಅದು ಅಚ್ಚಾಗುವ ಹೊತ್ತಿಗೆ, 1682ರಲ್ಲಿ, ಸೆದಾನಿನ ವಿದ್ಯಾಲಯವನ್ನು ದೊರೆಯ ಆಜ್ಞೆಯಿಂದ ಮುಚ್ಚಿಯಾಗಿತ್ತು. ಬೇಲ್ ಹಾಲೆಂಡಿನ ರಾಟರ್‌ಡ್ಯಾಮ್ ಸೇರಿದ್ದನು. ಗ್ರಂಥದ ಮೇಲೆ ಅವನ ಹೆಸರಿರಲಿಲ್ಲ.

ಬೇಲನಿಗೆ ಗಣಿತ ಬೇಕಾಗಿರಲಿಲ್ಲ. ಅವನದು ತರ್ಕದ ಪೆಟ್ಟು. ಪ್ಯಾರಿಸ್ಸಿನ ಸಾಂತೊನೊರೆ ಬೀದಿಯಲ್ಲಿ ಒಬ್ಬಳು ಹೆಂಗಸು ಕಿಟಕಿಯಿಂದ ಇಣುಕಿದಾಗಲೆಲ್ಲ ಗಾಡಿಗಳು ಹೋಗುತ್ತಿರುವುದನ್ನು ಕಂಡು, ತಾನು ಇಣುಕುವುದರಿಂದಲೇ ಗಾಡಿಗಳು ಹೋಗುತ್ತಿವೆಯೆಂದು ನಂಬಿದರೆ ಹೇಗೋ, ಧೂಮಕೇತುವಿನಿಂದ ಯುದ್ಧ ಬಂದಿತೆನ್ನುವವರ ನಂಬಿಕೆಯೂ ಹಾಗೆಯೇ ಎಂಬುದು ಅವನ ಉಪಮಾನ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬ ನಮ್ಮ ಮಾತನ್ನು ಅವನು ಕೇಳಿದ್ದರೆ ಕುಣಿದಾಡುತ್ತಿದ್ದನೇನೋ! ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಮೂಢನಂಬಿಕೆಗಿಂತ ನಾಸ್ತಿಕತೆ ಕೇಡಲ್ಲ, ನಾಸ್ತಿಕರ ಸಮಾಜವೂ ಶೀಲದಿಂದ ಬಾಳಬಲ್ಲದು ಎನ್ನುವವರೆಗೂ ಹೋದನು. ಬಾಲಚುಕ್ಕಿಯ ಬಾಲವನ್ನು ಹಿಡಿದು ಹೊರಟವನು ಎಲ್ಲಿಗೆ ಬಂದು ಮುಟ್ಟಿದ ನೋಡಿ.

ಬೇಲನ ತರ್ಕ ಹರಿತವಾದದ್ದು, ನಿಜ. ಆದರೂ ಅದರಲ್ಲಿ ಒಂದು ಕೊರತೆಯಿತ್ತು. ‘ಧೂಮಕೇತು ಏಕೆ ಬರುತ್ತದೆ, ಮತ್ತೆ ಯಾವಾಗ ಬರುತ್ತದೆ?’ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಹೆದರಬೇಡವೆಂದು ಹೇಳುವುದು ಬೇರೆ, ಬರುವ ಹೊತ್ತನ್ನು ಹೇಳುವುದು ಬೇರೆ.

ಬೇಲನ ಗ್ರಂಥ ಹೊರಬಂದ ವರ್ಷವೇ, 1682ರಲ್ಲಿ, ಇನ್ನೊಂದು ಧೂಮಕೇತು ಕಾಣಿಸಿಕೊಂಡಿತು. 1680ರದರ ಮುಂದೆ ಇದು ತೀರ ಸಾಧಾರಣ. ಲಂಡನ್ನಿನ ಬಳಿ ಇದನ್ನು ನೋಡಿ ಅಳತೆಗಳನ್ನು ಬರೆದಿಟ್ಟುಕೊಂಡವರಲ್ಲಿ ಎಡ್ಮಂಡ್ ಹ್ಯಾಲಿ ಎಂಬ ಇಪ್ಪತ್ತೈದರ ತರುಣನೊಬ್ಬ. ಸಾಬೂನು ತಯಾರಕನ ಮಗ, ಕೈಯಲ್ಲಿ ಕಾಸಿದ್ದವನು, ಮಾತುಗಾರ, ಯಾರೊಡನೆಯೂ ಬೇಗ ಬೆರೆಯುವವನು. ಈ ಗುಣಗಳಿಂದ ವಿಜ್ಞಾನಕ್ಕೆ ಆದ ಉಪಕಾರ ಅಷ್ಟಿಷ್ಟಲ್ಲ. 1684ರ ಜನವರಿಯಲ್ಲಿ ಹ್ಯಾಲಿ, ರಾಬರ್ಟ್ ಹುಕ್, ಕ್ರಿಸ್ಟೋಫರ್ ರೆನ್ ಮೂವರೂ ಸೇರಿ ಹರಟುತ್ತಿದ್ದಾಗ ಒಂದು ಪ್ರಶ್ನೆ ಬಂತು. ಸೂರ್ಯನ ಸೆಳೆತವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದಾದರೆ ಗ್ರಹಗಳ ದಾರಿ ಯಾವ ಆಕಾರದ್ದಾಗಬೇಕು? ಹುಕ್ ತನಗೆ ಗೊತ್ತೆಂದ, ತೋರಿಸಲಿಲ್ಲ. ರೆನ್ ನಲವತ್ತು ಷಿಲಿಂಗ್ ಬೆಲೆಯ ಪುಸ್ತಕವೊಂದನ್ನು ಪಂಥವಾಗಿ ಒಡ್ಡಿದ, ಗೆದ್ದವರಿಲ್ಲ. ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್ನನ್ನು ಕೇಳಿದನು. ‘ದೀರ್ಘವೃತ್ತ’ ಎಂದು ತಡೆಯಿಲ್ಲದೆ ಉತ್ತರ ಬಂತು. ಲೆಕ್ಕ ಮಾಡಿದ ಕಾಗದ ಮಾತ್ರ ಹುಡುಕಿದರೆ ಸಿಗಲಿಲ್ಲ!

ಕಳೆದುಹೋದ ಆ ಕಾಗದವನ್ನು ಮತ್ತೆ ಬರೆಯಲು ಹೋಗಿ ನ್ಯೂಟನ್ ‘ಪ್ರಿನ್ಸಿಪಿಯ’ ಗ್ರಂಥವನ್ನು ಬರೆದನು. ರಾಯಲ್ ಸೊಸೈಟಿಯ ಹಣವೆಲ್ಲ ಮೀನುಗಳನ್ನು ಕುರಿತ ಒಂದು ಸಚಿತ್ರ ಗ್ರಂಥಕ್ಕೆ ಖರ್ಚಾಗಿ ಹೋಗಿತ್ತು. ಆ ಗ್ರಂಥ ಮಾರಾಟವಾಗಿರಲಿಲ್ಲ. ಆದ್ದರಿಂದ 1687ರಲ್ಲಿ ‘ಪ್ರಿನ್ಸಿಪಿಯ’ ಅಚ್ಚಾದದ್ದು ಹ್ಯಾಲಿಯ ಸ್ವಂತ ಹಣದಿಂದ. ಅವನಿಗೆ ಸೊಸೈಟಿಯಿಂದ ಬರಬೇಕಾಗಿದ್ದ ಸಂಬಳವೂ ಬಂದದ್ದು ಮೀನಿನ ಪುಸ್ತಕದ ಪ್ರತಿಗಳ ರೂಪದಲ್ಲಿ. ಇದನ್ನು ಓದಿದಾಗಲೆಲ್ಲ, ಸಂಭಾವನೆಗೆ ಬದಲು ಪುಸ್ತಕದ ಪ್ರತಿಗಳನ್ನು ಪಡೆದು ಮನೆಗೆ ಹೊತ್ತುಕೊಂಡು ಹೋಗುವ ನಮ್ಮ ಗ್ರಂಥಕರ್ತರ ನೆನಪು ನನಗೆ ಬರುತ್ತದೆ.

ಪ್ರಿನ್ಸಿಪಿಯದ ಕೊನೆಯ ಭಾಗದಲ್ಲಿ ನ್ಯೂಟನ್ 1680ರ ಧೂಮಕೇತುವಿನ ದಾರಿಯನ್ನು ಗುರುತ್ವಾಕರ್ಷಣೆಯ ನಿಯಮದಿಂದ ವಿವರಿಸಿದ್ದನು. ಹ್ಯಾಲಿ ಆ ವಿಧಾನವನ್ನು ಹಿಡಿದು, ಹಳೆಯ ದಾಖಲೆಗಳನ್ನೆಲ್ಲ ಕೆದಕಿ, ಇಪ್ಪತ್ತನಾಲ್ಕು ಧೂಮಕೇತುಗಳ ದಾರಿಗಳನ್ನು ಲೆಕ್ಕಹಾಕಿ 1705ರಲ್ಲಿ ಪ್ರಕಟಿಸಿದನು. ಕೋಷ್ಟಕದಲ್ಲಿ ಮೂರು ಸಾಲುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು: 1531, 1607, 1682. ಮೂರೂ ಗ್ರಹಗಳ ಚಲನೆಗೆ ಎದುರಾಗಿ ಓಡಿದ್ದವು. ಮೂರರ ದಾರಿಯೂ ಭೂಮಿಯ ಕಕ್ಷೆಗೆ ಹದಿನೇಳು ಹದಿನೆಂಟು ಡಿಗ್ರಿಯಷ್ಟು ಓರೆ. ಮೂರೂ ಸೂರ್ಯನ ಬಳಿಗೆ ಬಂದು ತಿರುಗುವ ದೂರ, ಭೂಮಿಗೂ ಸೂರ್ಯನಿಗೂ ಇರುವ ದೂರದ ಅರ್ಧಕ್ಕಿಂತ ತುಸು ಹೆಚ್ಚು. ಮೂರಲ್ಲ, ಒಂದೇ ಧೂಮಕೇತು ಮೂರು ಸಲ ಬಂದಿರಬೇಕು! ಹಾಗಾದರೆ 1758ರ ಸುಮಾರಿಗೆ ಅದು ಮತ್ತೆ ಬರಬೇಕು.

ತೊಡಕು ಒಂದಿತ್ತು. 1531ರಿಂದ 1607ಕ್ಕೆ ಎಪ್ಪತ್ತಾರು ವರ್ಷವೂ ಚಿಲ್ಲರೆ. 1607ರಿಂದ 1682ಕ್ಕೆ ಎಪ್ಪತ್ತೈದೂ ತುಂಬಿರಲಿಲ್ಲ. ಒಂದೇ ದಾರಿಯಲ್ಲಿ ಸುತ್ತುವುದಕ್ಕೆ ಒಂದು ವರ್ಷಕ್ಕೂ ಹೆಚ್ಚಿನ ವ್ಯತ್ಯಾಸವೇಕೆ? ಗುರುಗ್ರಹದ ಬಳಿ ಹಾಯುವಾಗ ಅದರ ಸೆಳೆತಕ್ಕೆ ಸಿಕ್ಕಿ ವೇಗ ಬದಲಾಗುತ್ತದೆಂದು ಹ್ಯಾಲಿ ಊಹಿಸಿದನು. ಊಹೆ ಸರಿ, ಲೆಕ್ಕ ಅವನ ಕೈಯಲ್ಲಿ ಪೂರ್ತಿಯಾಗಲಿಲ್ಲ. ತನ್ನ ಮಾತು ನಿಜವಾದಾಗ ನೋಡಲು ತಾನಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು 1742ರಲ್ಲಿ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹ್ಯಾಲಿಯನ್ನು ದೇವರ ಮಟ್ಟಕ್ಕೆ ಏರಿಸುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. ಇದೇ ಮನುಷ್ಯನು 1680ರ ಧೂಮಕೇತುವಿಗೆ 575 ವರ್ಷಗಳ ಸುತ್ತನ್ನು ಗೊತ್ತುಮಾಡಿದನು. ಅದು ಪೂರಾ ತಪ್ಪು. ಆ ಧೂಮಕೇತುವಿನ ಸುತ್ತಿಗೆ ಸಾವಿರಾರು ವರ್ಷಗಳು ಬೇಕು. ವಿಲಿಯಂ ವಿಸ್ಟನ್ ಎಂಬವನಂತೂ ನೋವನ ಕಾಲದ ಜಲಪ್ರಳಯಕ್ಕೆ ಅದೇ ಧೂಮಕೇತು ಕಾರಣವೆಂದು ಗ್ರಂಥ ಬರೆದನು. ಹೊಸ ವಿಜ್ಞಾನದ ಅಂಗಳದಲ್ಲಿ ಹಳೆಯ ಭಯ ಹೀಗೆ ಆಗಾಗ ಬಂದು ಕುಳಿತುಕೊಳ್ಳುತ್ತಿತ್ತು.

ಇನ್ನು ಕಡಲು ದಾಟಿ ಫ್ರಾನ್ಸಿಗೆ ಬರೋಣ. ಅಲ್ಲಿ ನ್ಯೂಟನ್ನನ ಮತಕ್ಕೆ ಬಹುಕಾಲ ಮನ್ನಣೆಯಿರಲಿಲ್ಲ. ಆಕಾಶವೆಲ್ಲ ಸೂಕ್ಷ್ಮ ದ್ರವ್ಯದ ಸುಳಿಗಳಿಂದ ತುಂಬಿದೆ, ಗ್ರಹಗಳು ಸುಳಿಯಲ್ಲಿ ಸಿಕ್ಕ ತರಗೆಲೆಗಳಂತೆ ತಿರುಗುತ್ತವೆ ಎಂಬ ದೇಕಾರ್ತನ ಮತವೇ ವಿದ್ವಾಂಸರಿಗೆ ಪ್ರಿಯವಾಗಿತ್ತು. ಸುಳಿಗೆ ಎದುರಾಗಿ ಈಜುವ ಧೂಮಕೇತುವನ್ನು ಆ ಮತದಲ್ಲಿ ಎಲ್ಲಿ ಇಡುವುದು? ವಾಲ್ಟೇರನು ಲಂಡನ್ನಿನಲ್ಲಿದ್ದಾಗ 1727ರಲ್ಲಿ ನ್ಯೂಟನ್ನನಿಗೆ ನಡೆದ ರಾಜಮರ್ಯಾದೆಯ ಶವಸಂಸ್ಕಾರವನ್ನು ಕಂಡು ಬೆರಗಾಗಿ ಬಂದು, ಇಂಗ್ಲಿಷರ ವಿಚಾರಗಳನ್ನು ಹೊಗಳಿ ಪುಸ್ತಕ ಬರೆದನು. 1734ರಲ್ಲಿ ಪ್ಯಾರಿಸ್ಸಿನ ನ್ಯಾಯಸಭೆ ಅದನ್ನು ಸುಡಿಸಿತು. ಅವನ ಗೆಳತಿ ಎಮಿಲಿ ದು ಶಾತ್ಲೆ, ವಾಲ್ಟೇರನಿಗಿಂತ ಎಷ್ಟೋ ಪಾಲು ಹೆಚ್ಚು ಗಣಿತ ಬಲ್ಲವಳು, ‘ಪ್ರಿನ್ಸಿಪಿಯ’ವನ್ನು ಲ್ಯಾಟಿನ್ನಿನಿಂದ ಫ್ರೆಂಚಿಗೆ ತಿರುಗಿಸಲು ಕುಳಿತಳು. ಅವಳ ಲೆಕ್ಕಗಳನ್ನು ನೋಡಿಕೊಡುತ್ತಿದ್ದವನು ಕ್ಲೆರೋ. 1749ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದ ಆಕೆ ಹೆರಿಗೆಗೆ ಮೊದಲೇ ಕೆಲಸ ಮುಗಿಸಬೇಕೆಂದು ಹಗಲಿರುಳು ದುಡಿದು ಮುಗಿಸಿದಳು. ಹೆತ್ತ ಕೆಲವೇ ದಿನಗಳಲ್ಲಿ ತೀರಿಹೋದಳು. ಪೂರ್ತಿ ಅನುವಾದ ಅಚ್ಚಾಗಿ ಹೊರಬಂದದ್ದು 1759ರಲ್ಲಿ, ಧೂಮಕೇತು ಬಂದ ವರ್ಷ.

1757 ಮುಗಿಯುತ್ತಿದ್ದಂತೆ ಆಕಾಶದ ಕಡೆಗೆ ಎಲ್ಲರ ಕಣ್ಣೂ ತಿರುಗಿತು. ಕ್ಲೆರೋ ಗುರು ಮತ್ತು ಶನಿಗಳ ಸೆಳೆತವನ್ನು ಲೆಕ್ಕಕ್ಕೆ ಸೇರಿಸಿ ತಾರೀಖನ್ನು ಕಂಡುಹಿಡಿಯಬೇಕೆಂದು ನಿಶ್ಚಯಿಸಿದನು. ಎರಡು ಕಾಯಗಳು ಒಂದನ್ನೊಂದು ಎಳೆದರೆ ಸೂತ್ರವಿದೆ. ಮೂರನೆಯದು ಬಂದು ಸೇರಿತೋ, ಒಂದೇ ಏಟಿಗೆ ಉತ್ತರ ಕೊಡುವ ಸೂತ್ರವಿಲ್ಲ; ಅಡಿ ಅಡಿಗೂ ಎಣಿಸುತ್ತ ಹೋಗಬೇಕು. ನೂರೈವತ್ತು ವರ್ಷಗಳ ದಾರಿಯ ಉದ್ದಕ್ಕೂ, ಡಿಗ್ರಿ ಡಿಗ್ರಿಗೆ, ಗುರು ಎಲ್ಲಿದ್ದ, ಶನಿ ಎಲ್ಲಿದ್ದ, ಅವರಿಂದ ಧೂಮಕೇತು ಎಷ್ಟು ದೂರದಲ್ಲಿತ್ತು, ಎಷ್ಟು ಎಳೆಯಲ್ಪಟ್ಟಿತು ಎಂದು ಲೆಕ್ಕಹಾಕಬೇಕು. ಕೈಯಲ್ಲಿದ್ದ ಯಂತ್ರವೆಂದರೆ ಹಕ್ಕಿಯ ಗರಿಯ ಲೇಖನಿ ಮತ್ತು ಲಾಗರಿತಮ್ ಕೋಷ್ಟಕ.

ಈ ಕೆಲಸಕ್ಕೆ ಕುಳಿತವರು ಇನ್ನಿಬ್ಬರು. ಒಬ್ಬ ಜೆರೋಮ್ ಲಾಲಾಂದ್, ಇಪ್ಪತ್ತಾರರ ಖಗೋಳಜ್ಞ. ಇನ್ನೊಬ್ಬಳು ನಿಕೋಲ್ ಲೆಪೋತ್, ಅರಮನೆಯ ಗಡಿಯಾರ ತಯಾರಕನ ಹೆಂಡತಿ. ಗಂಡನ ಗಡಿಯಾರಶಾಸ್ತ್ರದ ಗ್ರಂಥಕ್ಕೆ ಲೋಲಕಗಳ ಕೋಷ್ಟಕವನ್ನು ಎಣಿಸಿಕೊಟ್ಟವಳು. ಆರು ತಿಂಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಮೇಜಿನ ಮೇಲೂ ಲೆಕ್ಕ ನಡೆಯಿತೆಂದೂ, ಅದರ ದೆಸೆಯಿಂದ ತನಗೆ ಹಿಡಿದ ರೋಗ ದೇಹಪ್ರಕೃತಿಯನ್ನೇ ಕೆಡಿಸಿತೆಂದೂ, ಆ ಹೆಂಗಸಿನ ನೆರವಿಲ್ಲದಿದ್ದರೆ ಈ ಸಾಹಸಕ್ಕೆ ಕೈಹಾಕುವ ಧೈರ್ಯವೇ ಬರುತ್ತಿರಲಿಲ್ಲವೆಂದೂ ಲಾಲಾಂದ್ ಬರೆದಿದ್ದಾನೆ. ಅವಸರಕ್ಕೆ ಕಾರಣವಿತ್ತು. ಲೆಕ್ಕ ಮುಗಿಯುವ ಮೊದಲೇ ಧೂಮಕೇತು ಬಂದುಬಿಟ್ಟರೆ? ಬಂದ ಮೇಲೆ ಹೇಳುವ ಭವಿಷ್ಯಕ್ಕೆ ಬೆಲೆಯೇನು? ಮೇಲಿನವನಿಗೂ ಕೆಳಗಿನವರಿಗೂ ಓಟದ ಪಂದ್ಯ. ಕೊನೆಯಲ್ಲಿ ಕೆಲವು ಸಣ್ಣ ಅಂಶಗಳನ್ನು ಬಿಟ್ಟು ಲೆಕ್ಕವನ್ನು ಮುಗಿಸಬೇಕಾಯಿತು.

ಬಂದ ಉತ್ತರ ಇದು: ಹಿಂದಿನ ಸುತ್ತಿಗಿಂತ ಈ ಸುತ್ತು 618 ದಿನ ತಡ. ಅದರಲ್ಲಿ 518 ದಿನ ಗುರುವಿನ ದೆಸೆಯಿಂದ, 100 ದಿನ ಶನಿಯ ದೆಸೆಯಿಂದ. (ನಮ್ಮಲ್ಲಿಯೂ ತಡವಾದದ್ದಕ್ಕೆಲ್ಲ ಶನಿಯನ್ನು ದೂರುವ ವಾಡಿಕೆಯಿದೆ, ನೂರು ದಿನವೆಂದು ಎಣಿಸಿ ಹೇಳಿದವರು ಮಾತ್ರ ಇವರೇ ಇರಬೇಕು.) ಶನಿಯಿಂದಾಚೆ ನಮ್ಮ ಕಣ್ಣಿಗೆ ಬೀಳದ ಗ್ರಹವೊಂದಿದ್ದು ಅದೂ ಎಳೆಯುತ್ತಿರಬಹುದೆಂಬ ಮಾತನ್ನು ಕೂಡ ಕ್ಲೆರೋ ಸೇರಿಸಿದನು. ಯುರೇನಸ್ ಸಿಕ್ಕಿದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ.

ಧೂಮಕೇತುವನ್ನು ಮೊದಲು ಕಂಡವನು ಅಕಾಡೆಮಿಯ ಪಂಡಿತನಲ್ಲ. ಡ್ರೆಸ್ಡೆನ್ ಪಕ್ಕದ ಪ್ರೋಲಿಸ್ ಎಂಬ ಹಳ್ಳಿಯ ರೈತ ಯೋಹಾನ್ ಪಾಲಿಟ್ಶ್. ಯಾರ ಕೈಕೆಳಗೂ ಕಲಿಯದೆ ತಾನಾಗಿ ಖಗೋಳವನ್ನು ಓದಿಕೊಂಡವನು. 1758ರ ಕ್ರಿಸ್ಮಸ್ ದಿನದ ರಾತ್ರಿ ಎಂಟು ಅಡಿಯ ದೂರದರ್ಶಕದಲ್ಲಿ ಮೀನರಾಶಿಯ ಕಡೆ ಮಸುಕಾದ ಒಂದು ಚುಕ್ಕೆಯನ್ನು ಕಂಡನು. ಆಗ ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು. ಸ್ಯಾಕ್ಸನಿ ಪ್ರಷ್ಯದ ಸೈನ್ಯದ ಕೈಯಲ್ಲಿತ್ತು. ಸುದ್ದಿ ಪ್ಯಾರಿಸ್ ಮುಟ್ಟಲು ತಿಂಗಳುಗಳೇ ಹಿಡಿದವು. ಅದೇ ಯುದ್ಧದ ಒಂದು ಕೊನೆ ನಮ್ಮ ಕಡೆಗೂ ಚಾಚಿತ್ತು: ಆ ಕ್ರಿಸ್ಮಸ್ ದಿನಗಳಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮದರಾಸಿನ ಇಂಗ್ಲಿಷ್ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದನು. ಇಲ್ಲಿ ಫಿರಂಗಿ, ಅಲ್ಲಿ ಒಬ್ಬ ಇಂಗ್ಲಿಷಿನವನ ಮಾತನ್ನು ಉಳಿಸಲು ಫ್ರೆಂಚರು ಎಣಿಸಿ ಎಣಿಸಿ ರೋಗ ಬರಿಸಿಕೊಳ್ಳುತ್ತಿದ್ದರು.

ಪ್ಯಾರಿಸ್ಸಿನಲ್ಲಿ ನಡೆದದ್ದು ಬೇರೆ ತಮಾಷೆ. ದೆಲೀಲ್ ಎಂಬ ಹಿರಿಯ ಖಗೋಳಜ್ಞನು ಧೂಮಕೇತುವನ್ನು ಎಲ್ಲಿ ಹುಡುಕಬೇಕೆಂದು ನಕ್ಷೆ ಬರೆದು ತನ್ನ ಗುಮಾಸ್ತ ಚಾರ್ಲ್ಸ್ ಮೆಸಿಯೆಗೆ ಕೊಟ್ಟಿದ್ದನು. ನಕ್ಷೆ ತಪ್ಪಾಗಿತ್ತು. ಮೆಸಿಯೆ ವರ್ಷಕ್ಕೂ ಮೀರಿ ಹುಡುಕಿ, ಕಡೆಗೆ ನಕ್ಷೆಯ ಆಚೆಗೆ ಕಣ್ಣು ಹಾಯಿಸಿ 1759ರ ಜನವರಿ 21ರಂದು ಅದನ್ನು ಕಂಡನು. ಹಿರಿಯನು ‘ಯಾರಿಗೂ ಹೇಳಕೂಡದು’ ಎಂದು ಅಪ್ಪಣೆ ಮಾಡಿದನು! ಏಪ್ರಿಲ್ ಮೊದಲ ದಿನ ಗುಟ್ಟು ಬಿಟ್ಟಾಗ ಉಳಿದವರು ನಂಬಲು ಸಿದ್ಧರಿರಲಿಲ್ಲ. ಬುದ್ಧಿಯ ಬೆಳಕಿನ ಯುಗದಲ್ಲಿಯೂ ಕಚೇರಿಯ ಹಿರಿಯರು ಹಿರಿಯರೇ.

ಧೂಮಕೇತು ಸೂರ್ಯನ ಸಮೀಪಬಿಂದುವನ್ನು ಹಾಯ್ದದ್ದು 1759ರ ಮಾರ್ಚ್ 13ರಂದು. ಕ್ಲೆರೋ ಕೇಳಿಕೊಂಡಿದ್ದ ರಿಯಾಯಿತಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಳಸಿಕೊಂಡೇ ಅದು ಬಂತು. ಅದಕ್ಕೆ ಐದು ದಿನಗಳ ಹಿಂದೆ, ಮಾರ್ಚ್ 8ರಂದು, ದಿದರೋ ಮತ್ತು ದಾಲಾಂಬೇರರ ಹೆಸರಾಂತ ವಿಶ್ವಕೋಶದ ಪರವಾನಗಿಯನ್ನು ಫ್ರಾನ್ಸಿನ ರಾಜಸಭೆ ರದ್ದುಮಾಡಿತ್ತು. ಒಂದೇ ವಾರದಲ್ಲಿ ಇವೆರಡೂ ನಡೆದದ್ದನ್ನು ನೋಡಿದರೆ, ಬೆಳಕಿನ ಯುಗವೆಂಬ ಹೆಸರನ್ನು ಕೇಳಿ ನಾವು ಕಲ್ಪಿಸಿಕೊಳ್ಳುವ ನೇರವಾದ ರಾಜಮಾರ್ಗ ಎಲ್ಲಿಯೂ ಇರಲಿಲ್ಲವೆಂದು ತಿಳಿಯುತ್ತದೆ. ಖಗೋಳಜ್ಞ ಲಾಕಾಯ್ ಇದನ್ನು ಇನ್ನು ಮುಂದೆ ಹ್ಯಾಲಿಯ ಧೂಮಕೇತುವೆಂದು ಕರೆಯಬೇಕೆಂದನು. ಶತ್ರುದೇಶದವನ ಹೆಸರಿಡಲು ಫ್ರೆಂಚನೊಬ್ಬನು ಹಿಂಜರಿಯಲಿಲ್ಲ.

ದಾಲಾಂಬೇರನಿಗೆ ಮಾತ್ರ ಇದೆಲ್ಲ ಸಹಿಸಲಿಲ್ಲ. ಅವನೂ ಕ್ಲೆರೋನೂ ಹಳೆಯ ಪ್ರತಿಸ್ಪರ್ಧಿಗಳು. ಎಪ್ಪತ್ತಾರು ವರ್ಷಕ್ಕೆ ಒಂದು ತಿಂಗಳ ತಪ್ಪು ಏನು ಮಹಾ ಎಂದು ಕ್ಲೆರೋನ ಕಡೆಯವರೆಂದರೆ, ನೀವು ಎಣಿಸಿದ್ದು ಎಪ್ಪತ್ತಾರು ವರ್ಷಗಳನ್ನಲ್ಲ, ಸುತ್ತುಗಳ ನಡುವಣ ವ್ಯತ್ಯಾಸವನ್ನು. ಅದರ ಮುಂದೆ ಒಂದು ತಿಂಗಳು ಸಣ್ಣದೇನಲ್ಲ ಎಂದು ಅವನ ವಾದ. ಪಕ್ಷಪಾತವಿಲ್ಲದೆ ಹೇಳಬೇಕಾದರೆ ದಾಲಾಂಬೇರನ ಮಾತಿನಲ್ಲಿ ಹುರುಳಿತ್ತು. ನನಗೆ ಈ ಜಗಳವೇ ರುಚಿಸುತ್ತದೆ. ಹಿಂದೆ ಧೂಮಕೇತು ಬಂದರೆ ರಾಜ ಸಾಯುವನೋ ಇಲ್ಲವೋ ಎಂದು ಚರ್ಚೆ. ಈಗ ಮೂವತ್ತೆರಡು ದಿನದ ತಪ್ಪನ್ನು ಯಾವ ಅಂಕಿಯಿಂದ ಭಾಗಿಸಬೇಕೆಂದು ಚರ್ಚೆ.

ಇನ್ನೊಂದು ತಪ್ಪಿಗೆ ಹೀಗೆ ಭಾಗಾಕಾರದ ನೆರವಿಲ್ಲ. 1760ರಲ್ಲಿ ಕ್ಲೆರೋ ತನ್ನ ‘ಧೂಮಕೇತುಗಳ ಸಿದ್ಧಾಂತ’ವನ್ನು ಪ್ರಕಟಿಸಿದಾಗ ಲೆಪೋತಳ ಹೆಸರನ್ನು ಬಿಟ್ಟುಬಿಟ್ಟನು. ಆಗ ಅವನ ಒಲವಿಗೆ ಪಾತ್ರಳಾಗಿದ್ದ ಇನ್ನೊಬ್ಬ ಹೆಂಗಸಿನ ಮತ್ಸರ ಇದಕ್ಕೆ ಕಾರಣವೆಂದು ಲಾಲಾಂದ್ ಸೂಚಿಸುತ್ತಾನೆ. ಗುರುವಿನ ಸೆಳೆತವನ್ನು ಎಣಿಸಿದವನಿಗೆ ಈ ಸೆಳೆತವನ್ನು ತಡೆದುಕೊಳ್ಳಲಾಗಲಿಲ್ಲ ಎಂದು ನಕ್ಕುಬಿಡಬಹುದು. ಆದರೆ ಆರು ತಿಂಗಳು ಊಟದ ಮೇಜಿನಲ್ಲಿ ಎದುರು ಕುಳಿತು ದುಡಿದವಳ ಹೆಸರನ್ನು ಒರೆಸಿಹಾಕಿದ್ದು ನಗುವ ಸಂಗತಿಯಲ್ಲ. ಆಕೆ ಸುಮ್ಮನಾಗಲಿಲ್ಲ; 1764ರ ಸೂರ್ಯಗ್ರಹಣ ಯೂರೋಪಿನಲ್ಲಿ ಎಲ್ಲೆಲ್ಲಿ ಹೇಗೆ ಕಾಣುವುದೆಂದು ಎಣಿಸಿ ನಕ್ಷೆ ಬರೆದಳು.

ಇಷ್ಟಾದ ಮೇಲೆ ಜನರ ಭಯ ಓಡಿಹೋಯಿತೇ? 1773ರ ಏಪ್ರಿಲ್ ತಿಂಗಳಲ್ಲಿ ಅದೇ ಲಾಲಾಂದ್, ಭೂಮಿಯ ಸಮೀಪಕ್ಕೆ ಬರಬಹುದಾದ ಧೂಮಕೇತುಗಳನ್ನು ಕುರಿತು ಅಕಾಡೆಮಿಯಲ್ಲಿ ಒಂದು ಪ್ರಬಂಧ ಓದಬೇಕಾಗಿತ್ತು. ಹೊತ್ತು ಸಾಲದೆ ಓದಲಿಲ್ಲ. ಓದದೆ ಇದ್ದುದೇ ಅನರ್ಥಕ್ಕೆ ಕಾರಣವಾಯಿತು. ಭೂಮಿಗೆ ಧೂಮಕೇತು ಬಡಿಯುವ ದಿನವನ್ನು ಅವನು ಎಣಿಸಿದ್ದಾನೆ, ಜನ ಹೆದರುವರೆಂದು ಸರ್ಕಾರ ಮುಚ್ಚಿಹಾಕಿದೆ ಎಂಬ ಗುಲ್ಲು ಪ್ಯಾರಿಸ್ಸಿನಲ್ಲೆಲ್ಲ ಹಬ್ಬಿತು. ಲಾಲಾಂದ್ ಪತ್ರಿಕೆಯಲ್ಲಿ ಸಮಜಾಯಿಷಿ ಕೊಟ್ಟರೂ ಜನ ನಂಬಲಿಲ್ಲ. ವಯಸ್ಸಾಗಿದ್ದ ವಾಲ್ಟೇರ್ ಗೇಲಿಯ ಪತ್ರವೊಂದನ್ನು ಅಚ್ಚು ಹಾಕಿಸಿದನು. ಈ ಭಯದ ವಿಶೇಷವನ್ನು ಗಮನಿಸಬೇಕು. ಜನರು ಈಗ ಹೆದರಿದ್ದು ಜೋಯಿಸನ ಮಾತಿಗಲ್ಲ, ಗಣಿತಜ್ಞನ ಲೆಕ್ಕಕ್ಕೆ. 1759ರಲ್ಲಿ ಅವರ ಲೆಕ್ಕ ಸರಿಯಾಗಿ ಬಂದಿತ್ತಲ್ಲ! ವಿಜ್ಞಾನ ಗಳಿಸಿದ ನಂಬಿಕೆಯ ಮೇಲೆಯೇ ಹೊಸ ಭೀತಿ ಸವಾರಿ ಮಾಡಿತು. ಲಾಲಾಂದ್ ಬರೆದಿದ್ದ ‘ಬರಬಹುದು’ ಎಂಬ ಮಾತು ಬೀದಿಗಿಳಿಯುವ ಹೊತ್ತಿಗೆ ‘ಬರುತ್ತದೆ’ ಎಂದಾಗಿತ್ತು. 1910ರಲ್ಲಿಯೂ ಹೀಗೆಯೇ: ಹ್ಯಾಲಿಯ ಧೂಮಕೇತುವಿನ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂದು ವಿಜ್ಞಾನಿಗಳು ಕಂಡುಹಿಡಿದರು, ಭೂಮಿ ಆ ಬಾಲದೊಳಗೆ ಹಾಯುವುದೆಂದು ತಿಳಿದು ಅಮೆರಿಕದಲ್ಲಿ ಧೂಮಕೇತು ನಿವಾರಕ ಗುಳಿಗೆಗಳು ಬಿಸಿದೋಸೆಯಂತೆ ಖರ್ಚಾದವು. ಬಾಲದ ಅನಿಲ ತೀರ ತೆಳುವಾದದ್ದು, ಭೂಮಿಯ ಗಾಳಿಗೆ ಅದರಿಂದ ಏನೂ ಆಗದು ಎಂಬ ಮಾತಿಗೆ ಅಷ್ಟು ಗಿರಾಕಿಗಳಿರಲಿಲ್ಲ.

1986ರಲ್ಲಿ ನಾನೂ ಬೆಳಗಿನ ಜಾವ ಎದ್ದು ಮಾಳಿಗೆ ಹತ್ತಿ ಹುಡುಕಿದೆ. ದುರ್ಬೀನಿನಲ್ಲಿ ಹತ್ತಿಯ ಎಳೆಯಂಥ ಒಂದು ಮಸುಕು ಕಂಡಿತು. ಇದಕ್ಕಾಗಿ ಇಷ್ಟು ರಾದ್ಧಾಂತವೇ ಎನ್ನಿಸಿತು. ಅದರ ಮೈಯಿಂದ ಚಿಮ್ಮುವ ಅನಿಲ ಒಂದೊಂದು ಸುತ್ತಿನಲ್ಲಿಯೂ ಅದನ್ನು ನಾಲ್ಕು ದಿನಗಳಷ್ಟು ತಡಮಾಡುತ್ತದೆಂಬುದೂ ಈಗ ಲೆಕ್ಕಕ್ಕೆ ಸೇರಿದೆ. 2023ರ ಡಿಸೆಂಬರ್ ತಿಂಗಳಲ್ಲಿ, ನೆಪ್ಚೂನಿನ ಕಕ್ಷೆಗೂ ಆಚೆ, ಅದು ತನ್ನ ದಾರಿಯ ತುತ್ತತುದಿಯನ್ನು ಮುಟ್ಟಿ ಈಚೆಗೆ ತಿರುಗಿತು. ಸೂರ್ಯನ ಬಳಿಗೆ ಬರುವುದು 2061ರ ಜುಲೈ ತಿಂಗಳ ಕೊನೆಯ ವಾರದಲ್ಲಿ.